ಹಲವು ದೇಶಗಳೊಡನೆ ವ್ಯಾಪಾರ ಒಪ್ಪಂದ: ಒಂದಕ್ಕೊಂದು ಹೊಂದದ ಬೇಡಿಕೆಗಳನ್ನು ನಿಭಾಯಿಸುವ ಬಗೆ

ಏಕಕಾಲದಲ್ಲಿ ಎರಡು ಮೂರು ದೇಶಗಳೊಡನೆ ಮಾತುಕತೆಗೆ ಕೂರುವ ತಂಡವು ಎಲ್ಲರ ಬೇಡಿಕೆಗಳನ್ನೂ ಮೊದಲು ಒಂದೇ ಪಟ್ಟಿಗೆ ತಂದು, ಸುಂಕದ ಬೇಡಿಕೆಗಳನ್ನು ಒಂದು ಕಡೆ, ನಿಯಮದ ಬೇಡಿಕೆಗಳನ್ನು ಇನ್ನೊಂದು ಕಡೆ ಬೇರ್ಪಡಿಸಬೇಕು. ಸುಂಕದಲ್ಲಿ ಚೌಕಾಸಿಗೆ ಎಡೆಯಿದೆ: ಒಬ್ಬೊಬ್ಬರಿಗೆ ಒಂದೊಂದು ದರ ಕೊಡಬಹುದು, ಇಳಿಕೆಯನ್ನು ವರ್ಷಗಳ ಮೇಲೆ ಹಂಚಬಹುದು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿ ಮಾಡಿದ ಒಪ್ಪಂದದಲ್ಲಿ ಭಾರತವು ಸ್ಕಾಚ್ ವಿಸ್ಕಿಯ ಶೇ. 150ರ ಸುಂಕವನ್ನು ಮೊದಲು ಶೇ. 75ಕ್ಕೆ, ಹತ್ತನೇ ವರ್ಷದ ಹೊತ್ತಿಗೆ ಶೇ. 40ಕ್ಕೆ ಇಳಿಸಲು ಒಪ್ಪಿತು.

ನಿಯಮದ ಬೇಡಿಕೆಗಳು ಹೀಗೆ ಹೋಳಾಗುವುದಿಲ್ಲ. ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಬ್ರಿಟನ್ನಿಗೆ ಎದುರಾದ ಇಕ್ಕಟ್ಟು ಇದೇ. ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸಕ್ಕೂ ಕ್ಲೋರಿನ್ನಿನಲ್ಲಿ ತೊಳೆದ ಕೋಳಿಗೂ ಬಾಗಿಲು ತೆರೆಯಬೇಕೆಂದು ಅಮೆರಿಕ ಪಟ್ಟು ಹಿಡಿದರೆ, ಆ ಎರಡನ್ನೂ ದಶಕಗಳಿಂದ ಒಳಗೆ ಬಿಡದ ಒಕ್ಕೂಟವು ಗಡಿ ತಪಾಸಣೆ ಸಡಿಲವಾಗಬೇಕಾದರೆ ತನ್ನ ಆಹಾರ ನಿಯಮಗಳನ್ನೇ ಪಾಲಿಸಬೇಕೆನ್ನುತ್ತದೆ. ಇಬ್ಬರಿಗೂ ಹೂಂ ಎನ್ನಲು ಸಾಧ್ಯವೇ ಇಲ್ಲ. ಇಂಥಲ್ಲಿ ನಿಯಮವನ್ನು ಮುಟ್ಟದೆ, ಬೇಡಿಕೆಯನ್ನು ಪ್ರಮಾಣದ ಪ್ರಶ್ನೆಯಾಗಿ ಬದಲಿಸಿ ನೋಡಬೇಕು. 2025ರ ಮೇ 8ರಂದು ಬ್ರಿಟನ್ ಅಮೆರಿಕಕ್ಕೆ 13,000 ಟನ್ ದನದ ಮಾಂಸದ ಕೋಟಾ ಕೊಟ್ಟಿತು, ಆದರೆ ಹಾರ್ಮೋನಿನ ನಿಷೇಧವನ್ನು ಹಾಗೆಯೇ ಉಳಿಸಿಕೊಂಡಿತು. ಅದರಿಂದಾಗಿಯೇ ಮೇ 19ರಂದು ಒಕ್ಕೂಟದೊಡನೆ ಆಹಾರ ನಿಯಮಗಳ ಒಪ್ಪಂದದತ್ತ ಸಾಗಲು ದಾರಿ ಮುಚ್ಚಿರಲಿಲ್ಲ.

ಯಾವುದೇ ರಿಯಾಯಿತಿ ಕೊಡುವ ಮುನ್ನ ಹಳೆಯ ಒಪ್ಪಂದಗಳನ್ನು ತೆಗೆದು ಓದಬೇಕು. ಕೆರಿಬಿಯನ್ ದೇಶಗಳು 2008ರಲ್ಲಿ ಒಕ್ಕೂಟದೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಅವು ಮುಂದೆ ಯಾವುದೇ ದೊಡ್ಡ ವ್ಯಾಪಾರಿ ದೇಶಕ್ಕೆ ಕೊಡುವ ಹೆಚ್ಚಿನ ಸುಂಕ ರಿಯಾಯಿತಿ ಒಕ್ಕೂಟಕ್ಕೂ ಸಲ್ಲಬೇಕು. ಇಂಥ ಕಲಮಿಗೆ ಸಹಿ ಹಾಕಿದವರು ಮುಂದಿನ ಪ್ರತಿ ರಿಯಾಯಿತಿಯನ್ನೂ ಎರಡೆರಡು ಸಲ ಲೆಕ್ಕಹಾಕಬೇಕಾಗುತ್ತದೆ.

ಮನೆಯೊಳಗಿನ ವಿರೋಧವನ್ನು ಕೊನೆಯ ಸುತ್ತಿಗೆ ಬಿಡುವುದು ದುಬಾರಿ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಸುರಿಯುತ್ತದೆಂಬ ಕರ್ನಾಟಕವೂ ಸೇರಿದಂತೆ ದೇಶದ ಹೈನುಗಾರರ ಆತಂಕ ಬಹುಕಾಲದಿಂದ ಇದ್ದೇ ಇತ್ತು. ಆದರೂ ವರ್ಷಗಟ್ಟಲೆ ಮಾತುಕತೆ ನಡೆಸಿದ ಭಾರತ, ನ್ಯೂಜಿಲೆಂಡ್ ಕೂಡ ಸೇರಿದ್ದ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹಿಂದೆ ಸರಿದದ್ದು 2019ರ ನವೆಂಬರ್ 4ರಂದು, ಬ್ಯಾಂಕಾಕ್‌ನಲ್ಲಿ. ಆ ಬಳಿಕ ಆಸ್ಟ್ರೇಲಿಯಾ, ಬ್ರಿಟನ್ ಒಪ್ಪಂದಗಳಲ್ಲಿ ಹೈನು ಉತ್ಪನ್ನಗಳನ್ನು ಹೊರಗಿಡಲಾಯಿತು. ಎಲ್ಲರಿಗೂ ಹೇಳುವ ‘ಇಲ್ಲ’ ಒಂದೇ ಆಗಿದ್ದರೆ ಅದನ್ನು ಮೊದಲ ಸಭೆಯಲ್ಲೇ ಬರಹದಲ್ಲಿ ಕೊಡುವುದು ಲೇಸು. ಒಬ್ಬರಿಗೆ ಸಣ್ಣ ವಿನಾಯಿತಿ ಕೊಟ್ಟರೂ ಮುಂದಿನವರು ಅದನ್ನೇ ಮುಂದಿಟ್ಟು ಕೇಳುತ್ತಾರೆ.