ಬರ್ನೊದಲ್ಲಿ ಬೆಂಗಳೂರು ಇಂಗ್ಲಿಷ್ ಪಾಠ: ನನ್ನ ಅನುಭವ

ಚೆಕ್ ದೇಶದ ಬರ್ನೊ ಊರಿನ ಆಫೀಸಿನವರಿಗೆ ಬೆಂಗಳೂರಿನವರ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳೋದನ್ನು ಕಲಿಸುತ್ತೇನೆ. ಹೋದ ತಿಂಗಳು ಒಂದು ಕಂಪನಿ ಮೂರನೇ ಬ್ಯಾಚ್‌ಗೆ ಹೇಳಿಕಳಿಸಿತು. ಆರು ಜನ, ಹತ್ತು ಕ್ಲಾಸು, ಗಂಟೆಗೆ 1,400 ಕೊರುನಾ (ಇಲ್ಲಿನ ದುಡ್ಡು). ಕೇಳಿದ ದರಕ್ಕೆ ಚೌಕಾಸಿ ಮಾಡದೆ ಒಪ್ಪಿದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಶುರು ಮಾಡಿದಾಗ "ಇದೆಲ್ಲ ನಡೆಯಲ್ಲ ಕಣೇ, ಸುಮ್ನೆ ಸ್ಕೂಲಿನ ಕ್ಲಾಸು ಹಿಡ್ಕೊಂಡಿರು" ಅಂದವರೇ ಜಾಸ್ತಿ. ಅವರಲ್ಲಿ ಇಲ್ಲಿನ ಕನ್ನಡದ ಗೆಳತಿಯರೂ ಇದ್ದರು, ಜೊತೆಗೆ ಪಾಠ ಮಾಡುತ್ತಿದ್ದ ಇಂಗ್ಲೆಂಡಿನವರೂ ಇದ್ದರು.

ಲೆವೆಲ್ ಟೆಸ್ಟು, ಬಿ1, ಬಿ2 ಅನ್ನೋ ಮಧ್ಯಮ ಹಂತಗಳು, ಪಾಠದ ಪ್ಲಾನು, ಇದೆಲ್ಲ ಇಂಗ್ಲಿಷ್ ಪಾಠ ಮಾಡುವ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ನಾನು ಸಾಗರದ ಪಿಯು ಕಾಲೇಜಿನಲ್ಲಿ ಆರು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. 2017ರಲ್ಲಿ ನಮ್ಮ ಮನೆಯವರಿಗೆ ಬರ್ನೊದಲ್ಲಿ ಕೆಲಸ ಸಿಕ್ಕಿತು, ಬಂದೆವು. ಚೆಕ್ ದೇಶದಲ್ಲಿ ಪ್ರಾಗ್ ಬಿಟ್ಟರೆ ಇದೇ ದೊಡ್ಡ ಊರು, ನಾಲ್ಕು ಲಕ್ಷದ ಆಸುಪಾಸು ಜನ. ಸಾಫ್ಟ್‌ವೇರ್ ಆಫೀಸುಗಳು ಬೇಕಾದಷ್ಟಿವೆ. ನಾನು 1,000 ಕೊರುನಾ ಕಟ್ಟಿ 'ಝಿವ್ನೊ' ಮಾಡಿಸಿದೆ. ಅಂದರೆ ಸ್ವಂತ ಕೆಲಸ ಮಾಡುವವರ ಲೈಸೆನ್ಸು. ಆಮೇಲೆ ಭಾಷಾ ಶಾಲೆಗಳ ಬಾಗಿಲು ತಟ್ಟಿದೆ.

ಎಲ್ಲ ಕಡೆ ಒಂದೇ ಪ್ರಶ್ನೆ: ನೀವು 'ರೊಡಿಲಿ ಮ್ಲುವ್ಚಿ'ನಾ? ಹುಟ್ಟಿನಿಂದ ಇಂಗ್ಲಿಷ್ ಆಡುವವರಾ ಅಂತ. ಅಲ್ಲ ಅಂದರೆ ದರ ಇಳಿಯುತ್ತಿತ್ತು. ಕೊನೆಗೆ ಒಂದು ಶಾಲೆ 45 ನಿಮಿಷಕ್ಕೆ 240 ಕೊರುನಾ ಕೊಡಲು ಒಪ್ಪಿತು. ಒಂದು ಕೊರುನಾ ಅಂದರೆ ಆಗ ಸುಮಾರು 3 ರೂಪಾಯಿ. ವಾರಕ್ಕೆ 20 ಕ್ಲಾಸು ಮಾಡಿದರೆ ತಿಂಗಳಿಗೆ 19 ಸಾವಿರ ಚಿಲ್ಲರೆ. ಅದರಲ್ಲಿ ಆರೋಗ್ಯ ವಿಮೆ, ಸಾಮಾಜಿಕ ವಿಮೆ ಎರಡೂ ಸೇರಿ 4,200ರ ಹತ್ತಿರ ಹೋಗುತ್ತಿತ್ತು. ಜುಲೈ, ಆಗಸ್ಟ್ ಕ್ಲಾಸೇ ಇಲ್ಲ, ಊರಿಗೆ ಊರೇ ರಜೆಗೆ ಹೋಗುತ್ತದೆ. ವಿಮೆಗೆ ಮಾತ್ರ ರಜೆ ಇಲ್ಲ. ಕ್ರಿಸ್‌ಮಸ್‌ಗೂ ಎರಡು ವಾರ ಹೋಯಿತು. ವರ್ಷದ ಲೆಕ್ಕ ಹಾಕಿದಾಗ ಕೈಗೆ ಹತ್ತು ತಿಂಗಳ ಸಂಪಾದನೆಯೂ ಉಳಿದಿರಲಿಲ್ಲ.

ಓಡಾಟ ಬೇರೆ. ಇಲ್ಲಿನವರು ಬೆಳಿಗ್ಗೆ ಬೇಗ ಕೆಲಸಕ್ಕೆ ಬರುತ್ತಾರೆ. ಕ್ಲಾಸು ಏಳೂವರೆಗೇ ಶುರು. ಜನವರಿಯ ಕತ್ತಲಲ್ಲಿ ಆರೂವರೆಗೆ ಟ್ರಾಮ್ ಹತ್ತಬೇಕು. ಬರ್ನೊದವರು ಟ್ರಾಮ್ ಅನ್ನಲ್ಲ, 'ಶಾಲಿನಾ' ಅನ್ನುತ್ತಾರೆ. ಆ ಒಂದು ಪದ ಬಳಸಿದರೆ ಸಾಕು, ವಿದ್ಯಾರ್ಥಿಗಳ ಮುಖ ಅರಳುತ್ತದೆ. ಇದು ನನ್ನ ಮೊದಲ ಪಾಠಕ್ಕೆ ಇವತ್ತಿಗೂ ಕೈಹಿಡಿಯುವ ಉಪಾಯ.

ಕೈಸುಟ್ಟುಕೊಂಡದ್ದನ್ನೂ ಹೇಳುತ್ತೇನೆ. 2018ರಲ್ಲಿ ಕೆಫೆಯೊಂದರಲ್ಲಿ ಮಾತಿನ ಗುಂಪು ಶುರು ಮಾಡಿದೆ, ತಲೆಗೆ 150 ಕೊರುನಾ. ಕರಪತ್ರಕ್ಕೆ 3,000 ಖರ್ಚು. ಎಂಟು ಜನ ಬರ್ತೀವಿ ಅಂದರು, ಬಂದದ್ದು ಇಬ್ಬರು. ಐದು ವಾರಕ್ಕೆ ನಿಲ್ಲಿಸಿದೆ. ಮಕ್ಕಳ ಕ್ಲಾಸು ಮಾಡಿದೆ, ನನ್ನ ಆಗಿನ ಚೆಕ್ ಭಾಷೆಗೆ ಏಳು ವರ್ಷದ ಮಕ್ಕಳನ್ನು ಸುಮ್ಮನೆ ಕೂರಿಸುವ ಶಕ್ತಿ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ, ಉಚ್ಚಾರಣೆ ಬದಲಿಸಿಕೊಳ್ಳುವ ಆನ್‌ಲೈನ್ ಕೋರ್ಸು. 9,000 ಕೊರುನಾ ಕೊಟ್ಟು ಲಂಡನ್ನಿನವರ ಹಾಗೆ ಮಾತಾಡಲು ಮೂರು ತಿಂಗಳು ಕಷ್ಟಪಟ್ಟೆ. ಒಂದು ಡೆಮೊ ಕ್ಲಾಸಿನಲ್ಲಿ ಅದೇ ದನಿಯಲ್ಲಿ ಮಾತಾಡಿದೆ. ನಾಲಿಗೆಯ ಮೇಲೇ ಗಮನ ಇದ್ದದ್ದರಿಂದ ಎದುರಿಗಿದ್ದವರು ಏನು ಕೇಳುತ್ತಿದ್ದಾರೆ ಅನ್ನೋದೇ ತಪ್ಪಿಹೋಯಿತು. ಆ ಕೆಲಸ ಸಿಗಲಿಲ್ಲ. ನೀವು ಯಾರಾದರೂ ಅಂಥ ಕೋರ್ಸಿಗೆ ದುಡ್ಡು ಕಟ್ಟಲು ಹೊರಟಿದ್ದರೆ ದಯವಿಟ್ಟು ಬೇಡ.

ದಾರಿ ತಿರುಗಿದ್ದು 2019ರ ನವೆಂಬರಿನಲ್ಲಿ. ಸಾಫ್ಟ್‌ವೇರ್ ಟೆಸ್ಟರ್ ಒಬ್ಬ, ಒಳ್ಳೆ ಬಿ2 ಹುಡುಗ, ಕ್ಲಾಸು ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದ. "ನಮ್ಮ ಬೆಂಗಳೂರು ಟೀಮಿನವರ ಮಾತು ಅರ್ಧವೂ ತಿಳಿಯಲ್ಲ, ಸ್ವಲ್ಪ ಕೇಳಿ ಹೇಳ್ತೀರಾ?" ಅಂದ. ಮೀಟಿಂಗಿನ ರೆಕಾರ್ಡಿಂಗ್ ಹಾಕಿದ. ಒಬ್ಬಾತ ಹೇಳುತ್ತಿದ್ದ: "ಡೂ ಒನ್ ಥಿಂಗ್. ಐ ಆ್ಯಮ್ ಇನ್ ಆಫೀಸ್ ಓನ್ಲಿ. ಐ ಹ್ಯಾವ್ ಒನ್ ಡೌಟ್." ನನಗೆ ಆ ಇಂಗ್ಲಿಷಿನ ಕೆಳಗಿದ್ದ ಕನ್ನಡ ಹಾಗೇ ಕೇಳಿಸಿತು. ಒಂದು ಕೆಲ್ಸ ಮಾಡಿ. ಆಫೀಸಲ್ಲೇ ಇದ್ದೀನಿ. ಒಂದು ಡೌಟು ಇತ್ತು. ಹುಡುಗನಿಗೆ ಕೇಳಿಸಿದ್ದೇ ಬೇರೆ. ಒಂದೇ ಕೆಲಸ ಮಾಡು, ಬೇರೆ ಏನೂ ಮಾಡಬೇಡ ಅಂತ ಅಪ್ಪಣೆ. 'ಡೌಟ್' ಅಂದದ್ದಕ್ಕೆ ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದುಕೊಂಡು ಎರಡು ದಿನ ಮನಸ್ಸು ಕೆಡಿಸಿಕೊಂಡಿದ್ದನಂತೆ. ನಾನು ಬಿಡಿಸಿ ಹೇಳಿದೆ. ಅವನು ಕುರ್ಚಿಗೆ ಒರಗಿ ಉಸಿರು ಬಿಟ್ಟ ರೀತಿ ಇನ್ನೂ ಕಣ್ಣ ಮುಂದಿದೆ.

ಅವತ್ತು ರಾತ್ರಿ ಮನೆಯವರಿಗೆ ಹೇಳಿದೆ: ಇದನ್ನು ಕಲಿಸೋಕೆ ಈ ಊರಿನಲ್ಲಿ ಲಂಡನ್ನಿನವರಿಂದ ಆಗಲ್ಲ, ನನ್ನಿಂದ ಆಗುತ್ತೆ.

ಮೊದಲು ದನಿಗಳು ಬೇಕಿದ್ದವು. ಕಂಪನಿಯ ರೆಕಾರ್ಡಿಂಗ್ ಮುಟ್ಟಬೇಡಿ, ಇದು ನನ್ನ ಕಡೆಯಿಂದ ಗಟ್ಟಿ ಎಚ್ಚರಿಕೆ. ಇನ್ನೊಂದು ಕಡೆ ವಿದ್ಯಾರ್ಥಿಯೊಬ್ಬರು ಹೀಗೇ ಕೇಳಿಸಿದ್ದು ಮ್ಯಾನೇಜರಿಗೆ ಗೊತ್ತಾಗಿ ಇಡೀ ಬ್ಯಾಚೇ ಕೈತಪ್ಪುವುದರಲ್ಲಿತ್ತು. ನಾನು ನೆಂಟರು, ಹಳೆ ವಿದ್ಯಾರ್ಥಿಗಳ ಹತ್ತಿರ ವಾಟ್ಸಾಪಿನಲ್ಲಿ ದನಿ ತರಿಸಿಕೊಂಡೆ. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಜೊತೆಗೆ ತೆಲುಗು, ತಮಿಳು ಮನೆಮಾತಿನ ಬೆಂಗಳೂರಿನವರು. ಓದಿಸಿದರೆ ಪ್ರಯೋಜನ ಇಲ್ಲ, ದನಿ ಶಾಲೆಯ ಮಕ್ಕಳ ಹಾಗೆ ಆಗಿಬಿಡುತ್ತದೆ. "ನಿನ್ನೆ ಆಫೀಸಲ್ಲಿ ಏನು ತೊಂದರೆ ಆಯ್ತು, ಹೇಳು" ಅಂತ ಕೇಳಬೇಕು. ಒಬ್ಬೊಬ್ಬರಿಗೆ 500 ರೂಪಾಯಿ ಕೊಟ್ಟು, ಪಾಠಕ್ಕೆ ಬಳಸಲು ಒಪ್ಪಿಗೆಯನ್ನೂ ಬರೆಸಿಕೊಂಡೆ. ಈಗ 60ಕ್ಕೂ ಜಾಸ್ತಿ ತುಣುಕುಗಳಿವೆ.

2020ರ ಜನವರಿಯಲ್ಲಿ ನಾಲ್ಕು ಜನಕ್ಕೆ ಪುಕ್ಕಟೆ ಪಾಠ ಮಾಡಿದೆ. ಮೊದಲ ತಪ್ಪು ಅಲ್ಲೇ ಆಯಿತು. ಉಚ್ಚಾರಣೆಯಿಂದ ಶುರು ಮಾಡಿದೆ. ನಮ್ಮ ಟ, ಡ ಇವರಿಗೆ ಕಷ್ಟ ಅಂದುಕೊಂಡಿದ್ದೆ. ನೋಡಿದರೆ ಅದು ತೊಡಕೇ ಅಲ್ಲ. ಇಂಗ್ಲೆಂಡಿನವರು 'ಪೇ', 'ಟೀ' ಅನ್ನುವಾಗ ಮೊದಲ ಅಕ್ಷರಕ್ಕೆ ಉಸಿರು ಸೇರಿಸುತ್ತಾರೆ. ನಾವೂ ಸೇರಿಸಲ್ಲ, ಚೆಕ್ಕರೂ ಸೇರಿಸಲ್ಲ. ತೊಡಕು ಇದ್ದದ್ದು ವೇಗದಲ್ಲಿ, ಮಾತಿನ ಲಯದಲ್ಲಿ, 'ಓನ್ಲಿ', 'ಇಟ್ಸೆಲ್ಫ್' ಥರದ ಚಿಕ್ಕ ಪದಗಳಲ್ಲಿ. ಈಗ ಮೊದಲ ಕ್ಲಾಸು ಪೂರ್ತಿ ನಮ್ಮ 'ಏ' ಪ್ರತ್ಯಯದ ಮೇಲೆ. ಇವತ್ತೇ, ಇಲ್ಲೇ, ನಾನೇ. "ಟುಡೇ ಇಟ್ಸೆಲ್ಫ್" ಅಲ್ಲಿಂದ ಬಂತು ಅಂತ ತೋರಿಸಿದ ಮೇಲೆ ಅವರು ಮರೆಯಲ್ಲ. ಚೆಕ್ ಭಾಷೆಯಲ್ಲೂ ಏಳು ವಿಭಕ್ತಿ ಇದೆ. ಶಾಲೆಯಲ್ಲಿ ನಮ್ಮ ಪ್ರಥಮಾ, ದ್ವಿತೀಯಾ ಹಾಗೇ ಒಂದನೆಯದು, ಎರಡನೆಯದು ಅಂತ ಉರು ಹೊಡೆದು ಬಂದವರು. ಹಾಗಾಗಿ ಪ್ರತ್ಯಯ ಅಂದರೆ ಅವರಿಗೆ ತಕ್ಷಣ ಹೊಳೆಯುತ್ತದೆ.

ಮಾರ್ಚಿನಲ್ಲಿ ಕೋವಿಡ್ ಬಂತು. ಶಾಲೆಯ ಕ್ಲಾಸು ಒಂದೇ ವಾರದಲ್ಲಿ ಸೊನ್ನೆ. ಇಲ್ಲಿ ಆಗ ಮನೆಮನೆಯಲ್ಲೂ ಮಾಸ್ಕ್ ಹೊಲಿಯುತ್ತಿದ್ದರು. ನಾನೂ ಹಳೆ ಕಾಟನ್ ಸೀರೆ ಒಂದನ್ನು ಕತ್ತರಿಸಿ ಹೊಲಿದು ವಿದ್ಯಾರ್ಥಿಗಳಿಗೆ ಅಂಚೆಯಲ್ಲಿ ಕಳಿಸಿದೆ. ಇಳಕಲ್ ಸೆರಗಿನ ಮಾಸ್ಕ್ ಹಾಕಿಕೊಂಡು ಒಬ್ಬರು ಬೆಂಗಳೂರಿನ ಮೀಟಿಂಗಿಗೆ ಕೂತರಂತೆ. ಆ ಕಡೆಯ ಹುಡುಗಿ ಗುರುತು ಹಿಡಿದು "ಎಲ್ಲಿ ಸಿಕ್ಕಿತು?" ಅಂತ ಕೇಳಿದಳಂತೆ. ಆ ಮಾತಿನಿಂದ ನನ್ನ ಹೆಸರು ಅವರ ಮ್ಯಾನೇಜರ್‌ವರೆಗೆ ಹೋಯಿತು. ದುಡ್ಡು ಕೊಟ್ಟು ಸೇರಿದ ಮೊದಲ ಬ್ಯಾಚ್ ಅದೇ, ಗಂಟೆಗೆ 700 ಕೊರುನಾ.

ಈಗಿನ ಕೋರ್ಸು ಹತ್ತು ಗಂಟೆಯದು, ಗುಂಪಿಗೆ ಆರು ಜನ ಮೀರಬಾರದು. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದೊಂದು ಪರೀಕ್ಷೆ. ಹೊಸ ದನಿಯಲ್ಲಿ 20 ವಾಕ್ಯ ಕೇಳಿಸಿ, ಅರ್ಥ ಬರೆಸುತ್ತೇನೆ. ಶುರುವಿನಲ್ಲಿ ಏಳೆಂಟು ಸರಿ ಇರುತ್ತದೆ. ಕೊನೆಗೆ 15, 16ಕ್ಕೆ ಬರುತ್ತದೆ. ಕಂಪನಿಯವರಿಗೆ ಈ ಎರಡು ಅಂಕಿ ತೋರಿಸಿದರೆ ಸಾಕು, 'ರೊಡಿಲಿ ಮ್ಲುವ್ಚಿ' ಪ್ರಶ್ನೆ ಬರಲ್ಲ. ದನಿಗಳನ್ನು ಯಾವ ಕ್ರಮದಲ್ಲಿ ಕೇಳಿಸುತ್ತೇನೆ, ಎರಡನೇ ವಾರದ ಮನೆಗೆಲಸ ಏನು, ಅದನ್ನು ಇಲ್ಲಿ ಹೇಳಲ್ಲ. ನನ್ನ ಅನ್ನ ಇರೋದು ಅದರಲ್ಲಿ.

ಒಂದು ಉಪಾಯ ಮಾತ್ರ ಧಾರಾಳವಾಗಿ ಕೊಡುತ್ತೇನೆ. ಚೆಕ್ಕರು ಪದದ ಕೊನೆಯ ಗ, ದ, ಬ ಅಕ್ಷರಗಳನ್ನು ಕ, ತ, ಪ ಮಾಡುತ್ತಾರೆ. 'ಬ್ಯಾಗ್' ಅವರ ಬಾಯಲ್ಲಿ 'ಬೆಕ್'. ಪುಸ್ತಕದ ಅಭ್ಯಾಸ ಎಷ್ಟು ಮಾಡಿಸಿದರೂ ಹೋಗಿರಲಿಲ್ಲ. ಒಂದು ದಿನ ನಮ್ಮ ಅಜ್ಜಿಯ ಹಾಗೆ ಹೇಳಿಸಿದೆ: ಬ್ಯಾಗು, ಬೆಡ್ಡು, ಕ್ಲಬ್ಬು. ಕೊನೆಗೆ 'ಉ' ಸೇರಿದ ತಕ್ಷಣ ಗ ಗಕಾರವಾಗಿಯೇ ಉಳಿಯಿತು. ಆಮೇಲೆ ಆ 'ಉ'ವನ್ನು ದಿನಾ ಸ್ವಲ್ಪ ಸ್ವಲ್ಪ ಸಣ್ಣ ಮಾಡುತ್ತಾ ಬಂದೆವು. ಎರಡು ವಾರಕ್ಕೆ 'ಬ್ಯಾಗ್' ಶುದ್ಧವಾಯಿತು. ನನ್ನ ಕಣ್ಣೆದುರೇ ಹತ್ತಿಪ್ಪತ್ತು ಜನಕ್ಕೆ ಕೆಲಸ ಮಾಡಿದೆ. ಜರ್ಮನಿ, ಪೋಲೆಂಡಿನಲ್ಲಿ ಇರುವವರೂ ಮಾಡಿ ನೋಡಿ, ಅಲ್ಲೂ ಇದೇ ರೋಗ ಇದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಶನಿವಾರ ಜೆಲ್ನಿ ತರ್ಖ್ ತರಕಾರಿ ಸಂತೆಯಲ್ಲಿ ನಡೆಯುತ್ತಾ ಪಾಠ. ಅಲ್ಲೇ ಮೇಲೆ ಪೆಟ್ರೊವ್ ಗುಡ್ಡದ ಚರ್ಚಿನಲ್ಲಿ 11 ಗಂಟೆಗೇ ಮಧ್ಯಾಹ್ನದ ಗಂಟೆ ಹೊಡೆಯುತ್ತಾರೆ. 1645ರಲ್ಲಿ ಸ್ವೀಡನ್ ಸೈನ್ಯ ಮುತ್ತಿಗೆ ಹಾಕಿತ್ತು. ಮಧ್ಯಾಹ್ನದೊಳಗೆ ಊರು ಬೀಳದಿದ್ದರೆ ವಾಪಸ್ ಹೋಗ್ತೀವಿ ಅಂತ ದಳಪತಿ ಹೇಳಿದ್ದನಂತೆ, ಊರವರು ಒಂದು ಗಂಟೆ ಮೊದಲೇ ಗಂಟೆ ಬಾರಿಸಿಬಿಟ್ಟರಂತೆ. ಈ ಕಥೆ ಹೇಳದ ಬರ್ನೊದವರಿಲ್ಲ. ಮಾತೇ ಆಡದ ವಿದ್ಯಾರ್ಥಿಯೂ ಇದನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬಿಡುತ್ತಾನೆ. ಪಾಠ ಚೆನ್ನಾಗಿತ್ತು, ಆದರೆ ಅಕ್ಟೋಬರ್ ದಾಟಿದರೆ ಚಳಿಗೆ ಯಾರೂ ಬರಲ್ಲ. ಅದೇ ಸಂತೆಯ ಓಡಾಟದಲ್ಲಿ ಒಬ್ಬ ವಿದ್ಯಾರ್ಥಿನಿ ನನಗೆ 'ಪೊದ್‌ಮಾಸ್ಲಿ' ತೋರಿಸಿಕೊಟ್ಟಳು. ಅಪ್ಪಟ ಮಜ್ಜಿಗೆ! ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಊಟದ ಕೊನೆಗೆ ಊರಿನ ನೆನಪಾಗುತ್ತದೆ.

ಇನ್ನೊಂದು, ಉಲ್ಟಾ ಕ್ಲಾಸು. ಬೆಂಗಳೂರಿನವರಿಗೆ ಚೆಕ್ಕರ ಮಾತು ತಿಳಿಸೋದು. ಚೆಕ್ ಆಡುಮಾತಿನಲ್ಲಿ 'ನೊ' ಅಂದರೆ ಹೂಂ ಅಂತ. ಇಂಗ್ಲಿಷ್ ಆಡುವಾಗಲೂ ಮರೆತು "ನೊ, ನೊ" ಅನ್ನುತ್ತಾರೆ. ಬೆಂಗಳೂರಿನ ಹುಡುಗಿ ಒಬ್ಬಳು ತನ್ನ ಪ್ಲಾನು ಬೇಡ ಅಂದರು ಅಂತ ಪೂರ್ತಿ ಕೆಲಸ ಮತ್ತೆ ಮಾಡಿದ್ದಳಂತೆ. ಈ ಕ್ಲಾಸಿಗೆ ಬೇಡಿಕೆ ಇದೆ, ಸಮಯ ಹೊಂದಿಸೋದು ಕಷ್ಟ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನನ್ನ ಬೆಳಗಿನ ಎಂಟು ಅವರ ಊಟದ ಹೊತ್ತು. ಮೂರು ಸಲ ಮಾಡಿದೆ, ಇನ್ನೂ ಹದಕ್ಕೆ ಬಂದಿಲ್ಲ.

ದುಡ್ಡಿನ ಮಾತು ಮುಗಿಸುತ್ತೇನೆ. ಒಳ್ಳೆ ತಿಂಗಳಲ್ಲಿ ಈಗ 45 ರಿಂದ 50 ಸಾವಿರ ಕೊರುನಾ ಬರುತ್ತದೆ, ವಾರಕ್ಕೆ ಒಂಬತ್ತೋ ಹತ್ತೋ ಗಂಟೆ ಪಾಠಕ್ಕೆ. ತೆರಿಗೆ, ಎರಡೂ ವಿಮೆ ಸೇರಿಸಿ ಒಂದೇ ಕಂತು ಕಟ್ಟುವ ಪದ್ಧತಿ 2021ರಲ್ಲಿ ಬಂತು, ನಾನು ಆ ವರ್ಷವೇ ಸೇರಿದೆ. ಆಗ ತಿಂಗಳಿಗೆ 5,500ರ ಹತ್ತಿರ, 2025ರಲ್ಲಿ 8,700. ಏರಿದ್ದು ಜಾಸ್ತಿಯೇ, ಆದರೆ ಲೆಕ್ಕಪತ್ರದ ತಲೆನೋವು ಇಲ್ಲ. ಕಂಪನಿಗೆ ನೇರ ಬಿಲ್ ಕಳಿಸುವಾಗ 14 ದಿನದ ಗಡುವು ಬರೆಯಿರಿ. ಒಬ್ಬರು 70 ದಿನ ಸತಾಯಿಸಿದರು. ಅವತ್ತಿನಿಂದ ಅರ್ಧ ಹಣ ಮುಂಗಡ ತೆಗೆದುಕೊಳ್ಳುತ್ತೇನೆ. ಕೊಡಲ್ಲ ಅಂದವರು ಇಲ್ಲಿವರೆಗೆ ಒಬ್ಬರೇ.

ಜುಲೈ, ಆಗಸ್ಟ್ ಈಗಲೂ ಕ್ಲಾಸು ಇಲ್ಲ. ಆ ಎರಡು ತಿಂಗಳು ಊರಿಗೆ ಬಂದು ದನಿ ಸೇರಿಸುತ್ತೇನೆ. ಈ ಸಲ ಬೀದರ್, ಕಲಬುರಗಿ, ಚಾಮರಾಜನಗರ ಕಡೆಯವರು ಬೇಕು. ಬೆಂಗಳೂರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿರಬೇಕು, ಹತ್ತು ನಿಮಿಷ ತಮ್ಮ ಪಾಡಿಗೆ ಮಾತಾಡಬೇಕು, ಅಷ್ಟೇ. ದರ ಈಗ 800 ರೂಪಾಯಿ ಮಾಡಿದ್ದೇನೆ.