ಪೋಸ್ಟ್ ಆಡೋ ಸೆಂಟರ್‌ಗಳ ಕಾಲ ಮುಗೀತಾ? ನನ್ನ ಅನುಭವ

ಬೆಳಗಾವಿ ಒಳಗ ಹುಡುಗ ಆರಡಿ ಮೂರಿಂಚು ಬೆಳದ್ರ ಬಾಸ್ಕೆಟ್‌ಬಾಲ್ ಕೋಚ್ ಬ್ಯಾರೆ ಏನೂ ಕೇಳಂಗಿಲ್ಲ, ಸೀದಾ ರಿಂಗ್ ಕೆಳಗ ನಿಲ್ಲಿಸ್ತಾರ. ನಂದೂ ಹಂಗ ಆತು, ಕಾಲೇಜ್ ಟೀಮಿಂದ ಹಿಡಿದು ಈಗಿನ ಸಂಡೇ ಮ್ಯಾಚ್ ತನಕ ಬೆನ್ನು ರಿಂಗ್ ಕಡೆ ಮಾಡಿ ಕೈ ಎತ್ತಿ ಬಾಲ್ ಕೇಳೋದೇ ನನ್ನ ಕೆಲಸ. ಇದಕ್ಕ ಪೋಸ್ಟ್ ಆಡೋದು ಅಂತಾರ, ಆಡೋ ಎತ್ತರದಾಂವಗ ಸೆಂಟರ್ ಅಂತಾರ. ಈಗ ಎನ್‌ಬಿಎ (ಅಮೆರಿಕದ ಲೀಗ್) ನೋಡೋ ಹುಡುಗುರು ಪೋಸ್ಟ್ ಗೀಸ್ಟ್ ಎಲ್ಲಾ ಹಳೇದಾತು ಅಣ್ಣಾ, ಹೊರಗ ಬಂದು ಥ್ರೀ (ದೂರದ ಗೆರಿ ಆಚೆಯಿಂದ ಹೊಡಿಯೋ ಮೂರು ಪಾಯಿಂಟಿನ ಶಾಟ್) ಹೊಡಿ ಅಂತಾರ. ಅರ್ಧ ಖರೆ ಐತಿ.

ಲೆಕ್ಕ ನೋಡ್ರಿ, 100 ಥ್ರೀ ಹೊಡದು 35 ಹೋದ್ರೂ 105 ಪಾಯಿಂಟ್, ಒಳಗ ಗುದ್ದಾಡಿ ಎರಡು ಪಾಯಿಂಟಿನ ಶಾಟ್ 100ಕ್ಕ 50 ಹಾಕಿದ್ರ ಬರೇ 100. ಅದರ ಮ್ಯಾಲೆ ರೂಲ್ ಬದಲಾತು. 2001ರ ತನಕ ಎನ್‌ಬಿಎದಾಗ ಝೋನ್ (ಮನುಷ್ಯಾನ್ನ ಬಿಟ್ಟು ಜಾಗಾ ಕಾಯೋದು) ಆಡೋ ಹಂಗಿದ್ದಿಲ್ಲ, ಡಿಫೆಂಡರ್ ತನ್ನ ಮನುಷ್ಯಾನ್ನ ಬಿಟ್ಟು ನಡುವ ಸುಮ್ನ ನಿಂತ್ರ ಇಲ್ಲೀಗಲ್ ಡಿಫೆನ್ಸ್ ಕೊಡ್ತಿದ್ರು. ಅದು ಹೋದ ಮ್ಯಾಲೆ ಸೆಂಟರ್‌ಗೆ ಒಬ್ಬಾಂವ ಮುಂದ, ಇನ್ನೊಬ್ಬಾಂವ ಹಿಂದ, ಪೇಂಟ್ (ರಿಂಗ್ ಮುಂದಿನ ಬಣ್ಣದ ಜಾಗಾ) ಅನ್ನೋದು ದೀಪಾವಳಿ ಮುಂದಿನ ಖಡೇಬಜಾರ್ ಆತು. ದೈತ್ಯ ಸೆಂಟರ್ ಶಾಕ್ ಒನೀಲ್ 2000, 2001, 2002 ಮೂರೂ ಫೈನಲ್ಸ್ ಎಂವಿಪಿ (ಅತ್ಯುತ್ತಮ ಆಟಗಾರ ಪ್ರಶಸ್ತಿ) ಹೊಡದಾಂವ, ಅವನ ಮಾತು ಬ್ಯಾರೆ ಬಿಡ್ರಿ. ಇನ್ನೊಬ್ಬ ಸೆಂಟರ್ ರಾಯ್ ಹಿಬರ್ಟ್ ನೋಡ್ರಿ, 2014ರಾಗ ಆಲ್ ಸ್ಟಾರ್ (ಲೀಗಿನ ಆಯ್ದ ಆಟಗಾರರಲ್ಲಿ ಒಬ್ಬ), 2017ಕ್ಕ ಲೀಗ್‌ನ್ಯಾಗೇ ಇಲ್ಲ.

ಆದ್ರ ಸೆಂಟರ್ ಯೋಕಿಚ್? 2014ರ ಡ್ರಾಫ್ಟ್‌ನ್ಯಾಗ (ಟೀಮ್‌ಗಳು ಹೊಸ ಆಟಗಾರರನ್ನ ಆರಿಸೋದು) 41ನೇ ನಂಬರ್, ಜಿಗಿಯೋದು ಅಷ್ಟರಾಗ ಐತಿ, ಆದ್ರೂ 2021, 2022, 2024 ಎಂವಿಪಿ, 2023ಕ್ಕ ಚಾಂಪಿಯನ್. ಅಂವ ಪೋಸ್ಟ್ ಬಿಟ್ಟಿಲ್ಲ, ಅಲ್ಲಿಂದ ಪಾಸ್ ಕೊಡ್ತಾನ. ಬ್ರೂಕ್ ಲೋಪೆಜ್ ಅನ್ನೋ ಸೆಂಟರ್ ಇನ್ನೊಂದು ದಾರಿ ಹಿಡದ, ಮೊದಲ ಎಂಟು ಸೀಸನ್ ಕೂಡಿ 3 ಥ್ರೀ ಹಾಕಿದಾಂವ 2016-17 ಒಂದ ಸೀಸನ್‌ನ್ಯಾಗ 134 ಹಾಕಿದ.

ನನಗ ಲೋಪೆಜ್ ದಾರಿ ಆಗಂಗಿಲ್ಲ. ನಮ್ಮ ಕೋರ್ಟ್ ಓಪನ್, ಸಿಮೆಂಟ್, ಜೂನ್ ಬಂತಂದ್ರ ಗಾಳಿ ಹೆಂಗ ಬೀಸ್ತೈತಿ ಅಂತ ಇಲ್ಲಿಯವರಿಗೆ ಹೇಳೋದು ಬ್ಯಾಡ, 6.75 ಮೀಟರ್ ದೂರದ ಥ್ರೀ ಗೆರಿಯಿಂದ ಹೊಡದ ಬಾಲ್ ಎಲ್ಲಿ ಹೋಗ್ತೈತೋ ದೇವರಿಗೇ ಗೊತ್ತು. ಹಂಗಾಗಿ ಯೋಕಿಚ್ ದಾರಿ, ನಮ್ಮ ಲೆವೆಲ್ಲಿಗೆ ಎಷ್ಟು ಸಾಧ್ಯನೋ ಅಷ್ಟು.

ಮೊದ್ಲ ಮಾಡಿದ್ದು ಓಡೋದು. ರಿಬೌಂಡ್ ನಮ್ಮ ಕೈಗೆ ಬಂದ ಕೂಡ್ಲೇ ನಾನ ಎಲ್ಲಾರ್ಕಿಂತ ಮೊದಲ ಓಡಿ ರಿಂಗ್ ಮುಂದ ಹೋಗಿ ಡಿಫೆಂಡರ್‌ನ್ನ ಬೆನ್ನಿಗೆ ಹಾಕ್ಕೊಂಡು ಸೀಲ್ ಮಾಡೋದು, ಆಗಿನ್ನ ಅವರ ಹೆಲ್ಪ್ ಬಂದಿರಂಗಿಲ್ಲ, ಬಾಲ್ ಬಂದ್ರ ಒಂದ ಡ್ರಾಪ್ ಸ್ಟೆಪ್ (ಒಂದು ಕಾಲು ಹಿಂದ ಹಾಕಿ ರಿಂಗ್ ಕಡೆ ತಿರುಗೋದು), ಮುಗೀತು. ನಿಂತು ಹತ್ತು ಡ್ರಿಬಲ್ ಹೊಡದು ತಳ್ಳೋದು ಪೂರ್ತಿ ಬಿಟ್ಟೆ. ಎರಡನೇದು, ಬಾಲ್ ಬಂದ ಕೂಡ್ಲೇ ಬೇಸ್‌ಲೈನ್ (ರಿಂಗ್ ಹಿಂದಿನ ಗೆರಿ) ಕಡೆ ತಲಿ ತಿರುಗಿಸಿ ನೋಡೋದು, ಡಬಲ್ ಟೀಮ್ (ನನ್ನ ಮ್ಯಾಲೆ ಎರಡನೇ ಡಿಫೆಂಡರ್) ಬಹಳ ಸಲ ಅಲ್ಲಿಂದನ ಬರ್ತೈತಿ, ಬಂತಂದ್ರ ಯಾವನೋ ಒಬ್ಬಾಂವ ಖಾಲಿ ಇದ್ದಾನ ಅಂತ ಅರ್ಥ. ಪಾಸ್ ಕೊಟ್ಟ ಸೆಂಟರ್ ಕಡೆ ಗಾರ್ಡ್‌ಗಳು (ಹೊರಗ ಬಾಲ್ ಆಡಿಸೋ ಹುಡುಗುರು) ಮತ್ತ ಮತ್ತ ಬಾಲ್ ಹಾಕ್ತಾರ, ಇದು ಯಾರೂ ಹೇಳಿಕೊಡದ ಲಾಭ. ಎದುರಿನವರು ಸ್ವಿಚ್ ಮಾಡಿ (ಕಾಯೋ ಮನುಷ್ಯಾನ್ನ ಅದಲ ಬದಲ ಮಾಡಿ) ಸಣ್ಣ ಗಾರ್ಡ್‌ನ್ನ ನನ್ನ ಮ್ಯಾಲೆ ಬಿಟ್ರಂತೂ ಹಬ್ಬ.

ಡಿಫೆನ್ಸ್‌ನ್ಯಾಗ ನಮಗ ಒಂದು ಸೌಲತ್ತು ಐತಿ. ಎನ್‌ಬಿಎದಾಗ ಹತ್ರ ಯಾರನ್ನೂ ಗಾರ್ಡ್ ಮಾಡದ ಪೇಂಟ್‌ನ್ಯಾಗ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಂತ್ರ ಟೆಕ್ನಿಕಲ್ ಫೌಲ್, ನಾವು ಆಡೋ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ರೂಲ್‌ನ್ಯಾಗ ಅದು ಇಲ್ಲ. ಹಂಗಾಗಿ ನಾ ಅಲ್ಲೇ ಬೀಡು ಬಿಟ್ಟು ಲೇಅಪ್ ಹಾಕಾಕ ಬಂದವರನ್ನ ತಡೀತೀನಿ. ಇದನ್ನ ಲೆಕ್ಕಕ್ಕ ತಗೋಳ್ದ ಎನ್‌ಬಿಎ ನೋಡಿ ನಮ್ಮ ಸೆಂಟರ್‌ಗಳನ್ನ ಬೈಯೋದು ನ್ಯಾಯ ಅಲ್ಲ ಅಂತೀನಿ ನಾ.

ತ್ರಾಸ ಇಲ್ಲಂತಲ್ಲ. ಐದೂ ಮಂದಿ ಶೂಟರ್ ಹಾಕೋ ಟೀಮ್ ಬಂದ್ರ, ಪಿಕ್ ಅಂಡ್ ರೋಲ್ (ಒಬ್ಬಾಂವ ಡಿಫೆಂಡರ್‌ಗೆ ಅಡ್ಡ ನಿಂತು, ಅಂದ್ರ ಸ್ಕ್ರೀನ್ ಹಾಕಿ, ರಿಂಗ್ ಕಡೆ ಓಡೋದು) ಮಾಡಿ ನನ್ನನ್ನ ಹೊರಗ ಎಳದು ಫಾಸ್ಟ್ ಗಾರ್ಡ್ ಮುಂದ ನಿಲ್ಲಿಸ್ತಾರ, ನಾ ಹಿಂದ ಸರದ್ರ ಅಂವ ಶಾಟ್ ಹೊಡೀತಾನ, ಮುಂದ ಹೋದ್ರ ಪಕ್ಕದಿಂದ ಪಾರು. ಅಂಥ ಮ್ಯಾಚ್‌ನ್ಯಾಗ ಕಡೀ ಐದು ನಿಮಿಷ ಕೋಚ್ ನನ್ನ ಕೂಡಿಸಿ ಆರಡಿಗಿಂತ ಕಮ್ಮಿ ಇರೋ ಹುಡುಗನ್ನ ಇಳಸ್ತಾರ, ನಾನೂ ಸಿಟ್ಟಾಗಂಗಿಲ್ಲ, ನೀರಿನ ಬಾಟ್ಲಿ ಹಿಡಕೊಂಡು ಬೆಂಚ್‌ನಿಂದ ಸ್ಕ್ರೀನ್ ಬಂತು ಸ್ಕ್ರೀನ್ ಬಂತು ಅಂತ ಒದರ್ತೀನಿ.