ಫೈಲ್ ಹೆಸರು ಮುಟ್ಟದೇ ಗ್ಯಾಲರಿ ಓಡಿಸಿದ್ದು

ಒಂದು ಮದುವೆ ಫೋಟೋ ಸ್ಟುಡಿಯೋದ ವೆಬ್ ಗ್ಯಾಲರಿ, ಫೈಲ್ ಹೆಸರಲ್ಲಿದ್ದ ', #, % ಇಂಥ ಚಿಹ್ನೆಗಳಿಂದ ಕೆಡುತ್ತಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು, ರಿನೇಮ್ ಮಾಡಿ ಬಿಸಾಕು. ನಾನು ಮಾಡಲಿಲ್ಲ. ಸ್ಟುಡಿಯೋದವರ ಆಲ್ಬಂ ಆರ್ಡರು, ಬಿಲ್ಲು ಎಲ್ಲ ಆ ಹೆಸರುಗಳಿಗೇ ಗಂಟು ಬಿದ್ದಿದ್ದವು. ಸುಮಾರು 40,000 ಫೋಟೋ. “ರಾಜು'ಸ್ ರಿಸೆಪ್ಷನ್ #2”, “100% ಫೈನಲ್”, ಇಂಥವೇ ಜಾಸ್ತಿ. ವಿಂಡೋಸ್ ಇವನ್ನೆಲ್ಲ ಬೇಡ ಅನ್ನಲ್ಲ ಅಲ್ವಾ.

ಮೊದಲು ಕೈಕೊಟ್ಟಿದ್ದು ಅಪಾಸ್ಟ್ರಫಿ. ಹಳೇ ಕೋಡ್‌ನಲ್ಲಿ ಹೆಸರನ್ನು ಆನ್‌ಕ್ಲಿಕ್ (ಕ್ಲಿಕ್ ಮಾಡಿದಾಗ ಓಡುವ ಕೋಡ್ ಇರುವ ಆಟ್ರಿಬ್ಯೂಟ್, ಅಂದರೆ ಟ್ಯಾಗಿಗೆ ಅಂಟಿಸಿದ ಮಾಹಿತಿ) ಒಳಗೇ ತುರುಕಿದ್ದರು. ಅಲ್ಲಿ ' ಬಂದರೆ ಸ್ಟ್ರಿಂಗ್ ಮುಗಿಯಿತು, ಸಿಂಟ್ಯಾಕ್ಸ್ ಎರರ್. ಅದರ ಬದಲು ' (ಅದೇ ಚಿಹ್ನೆಗೆ ಪೇಜ್ ಭಾಷೆ ಎಚ್‌ಟಿಎಂಎಲ್‌ನ ಕೋಡ್) ಹಾಕಿ ನೋಡಿದೆ. ಬ್ರೌಸರ್ ಆಟ್ರಿಬ್ಯೂಟ್ ಓದುವಾಗಲೇ ಅದನ್ನು ಮತ್ತೆ ' ಮಾಡಿ ಸ್ಕ್ರಿಪ್ಟ್‌ಗೆ ಕೊಡುತ್ತದೆ. ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ (ಚಿಹ್ನೆಗಳನ್ನು ವೆಬ್ ವಿಳಾಸಕ್ಕೆ ಒಗ್ಗುವ % ಕೋಡ್ ಮಾಡುವ ಫಂಕ್ಷನ್) ಆದರೂ ಕಾಪಾಡುತ್ತದಾ ಅಂದರೆ, ಅದು ಸಿಂಗಲ್ ಕೋಟ್ ಮುಟ್ಟುವುದೇ ಇಲ್ಲ. ಇಷ್ಟರಲ್ಲೇ ವಾರ ಕಳೆಯಿತು, 5-6 ಸಾವಿರ ಅಡ್ವಾನ್ಸೂ ಕರಗಿತು.

ಕೊನೆಗೆ ಹೆಸರನ್ನು ಎಚ್‌ಟಿಎಂಎಲ್ ಹತ್ತಿರ ಬಿಡಲೇ ಇಲ್ಲ. ಹೆಸರೆಲ್ಲ ಜೇಸನ್ (ಡೇಟಾ ಬರೆದಿಡುವ ರೂಪ) ಪಟ್ಟಿಯಲ್ಲಿ, ಪೇಜಿನ ಡೇಟಾ ಆಟ್ರಿಬ್ಯೂಟಿನಲ್ಲಿ ಬರೀ ಆ ಪಟ್ಟಿಯ ನಂಬರ್, ಕ್ಲಿಕ್ ಗಮನಿಸಲು ಇಡೀ ಗ್ಯಾಲರಿಗೆ ಒಂದೇ ಲಿಸನರ್. ಫೋಟೋ ತರುವಾಗ ಮಾತ್ರ ಪಾತ್‌ ಅನ್ನು / ಇದ್ದಲ್ಲಿ ಮುರಿದು, ತುಂಡು ತುಂಡಾಗಿ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್. ಬರೀ ಎನ್‌ಕೋಡ್‌ಯುಆರ್‌ಐ ನಂಬಿದರೆ # ಹಾಗೇ ಉಳಿಯುತ್ತದೆ, ಅದರ ಮುಂದಿನದು ಸರ್ವರ್‌ಗೆ ಹೋಗುವುದೇ ಇಲ್ಲ, 404 (ಫೈಲ್ ಸಿಗಲಿಲ್ಲ ಅನ್ನೋ ಎರರ್) ಗ್ಯಾರಂಟಿ. ಪಟ್ಟಿಯಲ್ಲಿರುವ ಹೆಸರಿಗೆ ಸುಮ್ನೆ ಡಿಕೋಡ್ (% ಕೋಡನ್ನು ಮತ್ತೆ ಚಿಹ್ನೆ ಮಾಡುವುದು) ಹಾಕಬೇಡಿ. “100% ಫೈನಲ್” ಸಿಕ್ಕಿದ ತಕ್ಷಣ ಅದರ % ಅನ್ನೂ ಕೋಡ್ ಅಂದುಕೊಳ್ಳುತ್ತದೆ, ಯುಆರ್‌ಐ ಎರರ್ ಬಂದು ಅಲ್ಲೇ ನಿಲ್ಲುತ್ತದೆ.

ಎರರ್ ನಿಂತರೂ ಹುಡುಕಾಟ ಕೆಟ್ಟಿತ್ತು. “ಕೊಡಗು” ಅಂತ ಟೈಪ್ ಮಾಡಿದರೆ ಅರ್ಧ ಫೋಟೋ ಬರುತ್ತಿರಲಿಲ್ಲ. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಫೈಲ್ ಇಡುವ ಪದ್ಧತಿ) ಡಿಸ್ಕಿನಿಂದ ಬಂದ ಹೆಸರುಗಳಲ್ಲಿ ೊ ಒಡೆದು ೆ ಮತ್ತು ೂ ಆಗಿ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಟೈಪ್ ಮಾಡಿದ್ದು, ಪಟ್ಟಿಯ ಹೆಸರು ಎರಡನ್ನೂ ನಾರ್ಮಲೈಸ್ ಮಾಡಿ, ಅಂದರೆ ತುಂಡು ಕೂಡಿಸಿದ ಒಂದೇ ರೂಪಕ್ಕೆ (ಎನ್‌ಎಫ್‌ಸಿ) ತಂದೆ, ಸರಿಹೋಯಿತು. ಆದರೆ ಫೈಲ್ ಹುಡುಕಿ ತರಲು ಮೂಲ ಹೆಸರನ್ನೇ ಇಟ್ಟುಕೊಳ್ಳಿ. “ರಾಜ್‌ಕುಮಾರ್” ನಡುವೆ ಅಕ್ಷರ ಕೂಡದಂತೆ ತಡೆಯುವ ಕಾಣದ ಚಿಹ್ನೆ ಮಾತ್ರ ನಾರ್ಮಲೈಸ್‌ಗೆ ಬಗ್ಗುವುದಿಲ್ಲ. ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬಿಡಿಸಲ್ಲ.

ಇದರ ಮಧ್ಯೆ ಉದ್ದ ಹೆಸರುಗಳ ಮೇಲೂ ಆಟ ಆಡಿದೆ. ಲಿನಕ್ಸ್ ಸರ್ವರಿನ ಇಎಕ್ಸ್‌ಟಿ4 ಅನ್ನೋ ಫೈಲ್ ಪದ್ಧತಿಯಲ್ಲಿ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಅಂದರೆ ಒತ್ತು ಕೊಂಬು ಎಲ್ಲ ಎಣಿಸಿ 85. ಗಂಡು ಹೆಣ್ಣು ಇಬ್ಬರ ಮನೆತನದ ಹೆಸರೂ ಸೇರಿಸಿದ ಫೈಲುಗಳು ವಿಂಡೋಸಿನಲ್ಲಿ ಹಾಯಾಗಿದ್ದವು, ಇಲ್ಲಿ ಕಾಪಿಯೇ ಆಗಲಿಲ್ಲ. ಅವನ್ನಷ್ಟೇ ಸರ್ವರಿನಲ್ಲಿ ನಂಬರ್ ಹೆಸರಲ್ಲಿ ಇಟ್ಟೆ, ಸ್ಟುಡಿಯೋದವರಿಗೆ ಹಳೇ ಹೆಸರೇ ಕಾಣುತ್ತದೆ.

ಬರೀ ರಿನೇಮ್‌ಗೆ ಬೇರೆಯವರು ಕೇಳಿದ್ದು 30 ಸಾವಿರದ ಹತ್ತಿರ. ನಾನು ಎಲ್ಲ ಸೇರಿ 18ಕ್ಕೆ ಮುಗಿಸಿದೆ. ಬಾಕಿ ದುಡ್ಡು ಕೈಗೆ ಬರುವಷ್ಟರಲ್ಲಿ ದೀಪಾವಳಿ ದಾಟಿತ್ತು.